ತದಿಗೆಯ ಶನಿವಾರ

ವಿದ್ಯಾವತಿ ಸಿಟ್ಟಿನ ಹೆಂಗಸು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಯಾರೂ ಅಯ್ಯೋ ಪಾಪ ಎಂದು ಮರುಗುವುದು ಬೇಡ. ಹುಬ್ಬಳ್ಳಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಆಪರೇಟರ್ ಆಗಿ ಸೇರಿ ಅಲ್ಲೇ ರಿಟೈರ್ ಆದವಳು. ಹತ್ತಿ ವ್ಯಾಪಾರಿಯಿಂದ ಹಿಡಿದು ದೊಡ್ಡ ಸಾಹೇಬರವರೆಗೆ ಎಲ್ಲರಿಗೂ ‘ಸುಮ್ಮನ ಲೈನ್ ಹಿಡಕೊಂಡು ಕೂಡ್ರಿ, ಒದರಬ್ಯಾಡ್ರಿ’ ಎಂದು ಗದರಿಸಿ ರೂಢಿಯಾದ ಬಾಯಿ. ಗಂಡ ಶ್ರೀಪಾದರಾವ್ ರೈಲ್ವೆ ಗಾರ್ಡು. ಮಾತೇ ಆಡದ ಮನುಷ್ಯ. ಆಡಲು ಆಕೆ ಬಿಟ್ಟರಲ್ಲವೇ!

ಆ ಮನುಷ್ಯ ಕೊರೊನಾದ ಎರಡನೇ ಅಲೆಯಲ್ಲಿ ಹೋಗಿಬಿಟ್ಟ. ಆಸ್ಪತ್ರೆಯಿಂದ ಹೆಣ ಮನೆಗೆ ಬರಲಿಲ್ಲ. ಮೈತುಂಬ ಪ್ಲಾಸ್ಟಿಕ್ ತೊಟ್ಟ ಕಾರ್ಪೊರೇಷನ್ನಿನ ಹುಡುಗರು ಕೊಳ್ಳಿ ಇಟ್ಟರು. ವಿದ್ಯಾವತಿ ಸ್ಮಶಾನದ ಗೇಟಿನ ಹೊರಗೆ ನೆರೆಮನೆಯವರ ಸ್ಕೂಟರಿನ ಪಕ್ಕ ನಿಂತು ನೋಡಿದಳು. ಇಬ್ಬರು ಗಂಡುಮಕ್ಕಳಿದ್ದೂ ಒಬ್ಬನೂ ಅಲ್ಲಿರಲಿಲ್ಲ.

ದೊಡ್ಡವನು ವೇಣುಗೋಪಾಲ ಆಗಲೇ ಅಮೆರಿಕದ ಸಿಟಿಜನ್. ಹೋಗಬಹುದಿತ್ತು, ತಿರುಗಿ ಬರಬಹುದಿತ್ತು. ನಾಳೆ, ನಾಡಿದ್ದು ಎನ್ನುತ್ತ ಟಿಕೆಟ್ ತೆಗೆಸಿದ, ಅಷ್ಟರಲ್ಲಿ ಅಪ್ಪನೇ ಇರಲಿಲ್ಲ. ಚಿಕ್ಕವನಾದ ಪ್ರತಾಪನದು ಎಚ್-ಒನ್, ಅಲ್ಲಿಯ ನೌಕರಿಯ ವೀಸಾ. ಇಂಡಿಯಾಕ್ಕೆ ಕಾಲಿಟ್ಟಿದ್ದರೆ ಆಗ ಮರಳಿ ಅಮೆರಿಕದೊಳಗೆ ಬಿಡುತ್ತಿರಲಿಲ್ಲ, ನೌಕರಿ ಹೋಗುತ್ತಿತ್ತು. ನೀನು ಹೋಗಬಹುದಿತ್ತು, ಹೋಗಲಿಲ್ಲ ಎಂದು ಇವನು. ನಿನಗೆ ಅಪ್ಪನಿಗಿಂತ ನೌಕರಿ ದೊಡ್ಡದಾಯಿತು ಎಂದು ಅವನು. ಅಂದಿನಿಂದ ಅಣ್ಣ ತಮ್ಮಂದಿರ ಮಾತು ಬಂದ್. ಒಂದೇ ಕೋಣೆಯಲ್ಲಿ ಕೂತರೂ ನೇರ ಮಾತಿಲ್ಲ. ‘ಅವ್ವಾ, ಅಂವಗ ಹೇಳು ಉಪ್ಪು ಈ ಕಡೆ ಕೊಡು ಅಂತ.’ ಉಪ್ಪು ಅವನ ಕೈಯ ಹತ್ತಿರವೇ ಇರುತ್ತದೆ!

ಗಂಡ ಹೋದ ಮರುವರ್ಷ ವೇಣು ತಾಯಿಗೆ ಗ್ರೀನ್ ಕಾರ್ಡ್ ಮಾಡಿಸಿ ವರ್ಜೀನಿಯಾದ ಆಲ್ಡಿಗೆ ಕರೆತಂದ. ಬಂದ ವಾರದಲ್ಲೇ ಆಕೆ ತೀರ್ಪು ಕೊಟ್ಟಳು: ಇದು ಊರಲ್ಲ. ಎಲ್ಲ ಮನೆಯೂ ಒಂದೇ ಅಚ್ಚು, ಮುಂದಿನ ಹುಲ್ಲೂ ಒಂದೇ ಅಳತೆ, ನಡೆದುಕೊಂಡು ಹೋಗಿ ಕೊತ್ತಂಬರಿ ತರೋಣವೆಂದರೆ ಅಂಗಡಿಯಿಲ್ಲ. ಸೊಸೆ ಯಾಮಿನಿ ಮೈಸೂರಿನವಳು, ಕೆಲಸ ಫೇರ್‌ಫ್ಯಾಕ್ಸಿನಲ್ಲಿ. ಬೆಳಿಗ್ಗೆ ಹೋದರೆ ಟ್ರಾಫಿಕ್ಕನ್ನು ಬೈಯುತ್ತ ಸಂಜೆ ಬರುವಳು. ಮೊಮ್ಮಗಳು ಚೈತನ್ಯಾ ಹೈಸ್ಕೂಲಿನಲ್ಲಿ; ಅಜ್ಜಿ ಕನ್ನಡದಲ್ಲಿ ಕೇಳಿದರೆ ಅರ್ಧಕ್ಕರ್ಧ ಇಂಗ್ಲಿಷಿನಲ್ಲಿ ಉತ್ತರ. ಪ್ರತಾಪ ಹೆಂಡತಿ ವೇದಾಳೊಂದಿಗೆ, ಎರಡು ಚಿಕ್ಕ ಮಕ್ಕಳೊಂದಿಗೆ ನಾರ್ತ್ ಕೆರೊಲಿನಾದ ಮಾರಿಸ್‌ವಿಲ್‌ನಲ್ಲಿ. ಈ ಎರಡು ಮನೆಗಳ ನಡುವೆ ತಂತಿ ಜೋಡಿಸುವ ಕೆಲಸ ಮತ್ತೆ ವಿದ್ಯಾವತಿಗೇ ಬಿತ್ತು. ಪಗಾರವಿಲ್ಲದ ಆಪರೇಟರ್!

ಟೂರಿನ ಮಾತು ಎದ್ದದ್ದು ಚೈತನ್ಯಾಳಿಂದ. ಚಿಕ್ಕಪ್ಪನ ಮಕ್ಕಳ ಜೊತೆ ರೋಲರ್ ಕೋಸ್ಟರ್ ಹತ್ತಬೇಕು ಎಂದು ಹಟ ಹಿಡಿದಳು. ಪೆನ್ಸಿಲ್ವೇನಿಯಾದಲ್ಲಿ ದೊಡ್ಡ ಅಮ್ಯೂಸ್‌ಮೆಂಟ್ ಪಾರ್ಕಿದೆ, ಅಲ್ಲಿಂದ ಹತ್ತಿರದಲ್ಲೇ ಆಮಿಶರ ಹಳ್ಳಿಗಳಿವೆ, ಎರಡೂ ಒಂದೇ ಟ್ರಿಪ್ಪಿನಲ್ಲಿ ಆಗುತ್ತವೆ ಎಂದು ಯಾಮಿನಿ ಸೇರಿಸಿದಳು. ಮಕ್ಕಳ ಮಾತಿಗೆ ಇಲ್ಲವೆನ್ನಲು ಅಣ್ಣನಿಗೂ ಆಗಲಿಲ್ಲ, ತಮ್ಮನಿಗೂ ಆಗಲಿಲ್ಲ.

“ಆಮಿಶ್ ಅಂದ್ರ ಯಾರವಾ?” ಎಂದು ವಿದ್ಯಾವತಿ ಸೊಸೆಯನ್ನು ಕೇಳಿದಳು.

“ಅವರು ಹಳೇ ಕಾಲದ ಥರ ಬದುಕೋ ಕ್ರಿಶ್ಚಿಯನ್ನರು ಅತ್ತೆ, ಕರೆಂಟ್ ಯೂಸ್ ಮಾಡಲ್ಲ. ಕಾರ್ ಇಟ್ಕೊಳ್ಳಲ್ಲ, ಕುದುರೆ ಗಾಡೀಲಿ ಓಡಾಡ್ತಾರೆ. ತುಂಬಾ ಸಿಂಪಲ್ ಲೈಫು.”

“ಕರೆಂಟಿಲ್ಲದ ಮಂದೀನ್ನ ನೋಡ್ಲಿಕ್ಕೆ ಅಷ್ಟು ದೂರ ಹೋಗಬೇಕೇನು? ಬ್ಯಾಸಿಗ್ಯಾಗ ಹುಬ್ಬಳ್ಳಿಗೆ ಹೋಗ್ರಿ, ತೋರಸ್ತಾರ.”

ಯಾಮಿನಿ ನಗಲಿಲ್ಲ. ಅತ್ತೆಯ ಮಾತಿಗೆ ನಗಬೇಕೋ ಬೈಸಿಕೊಳ್ಳಬೇಕೋ ಆಕೆಗೆ ಯಾವತ್ತೂ ಗೊತ್ತಾದದ್ದಿಲ್ಲ.

ಏಪ್ರಿಲಿನ ಒಂದು ಭಾನುವಾರ ಎರಡೂ ಮನೆಯವರು ವಿಡಿಯೊ ಕಾಲಿನಲ್ಲಿ ಕೂತರು. ಟಿವಿಯ ಪರದೆಯ ಮೇಲೆ ಪ್ರತಾಪನ ಮುಖ ಗೋಡೆಯಷ್ಟು ದೊಡ್ಡದಾಗಿ ಬಂತು. ಈಚೆ ಸೋಫಾದ ಮೇಲೆ ವೇಣು, ತೊಡೆಯ ಮೇಲೆ ಲ್ಯಾಪ್‌ಟಾಪ್, ಮುಖದ ತುಂಬ ದೊಡ್ಡಸ್ತಿಕೆ.

“ಮೆಮೋರಿಯಲ್ ಡೇ ವೀಕೆಂಡ್ ಫಿಕ್ಸ್. ಶುಕ್ರವಾರ ಅವರು ಇಲ್ಲಿಗೆ ಬರ್ತಾರ. ಶನಿವಾರ ಪಾರ್ಕು, ರವಿವಾರ ಆಮಿಶ್, ಸೋಮವಾರ ವಾಪಸ್,” ಎಂದ ವೇಣು, ಟಿವಿಯನ್ನು ನೋಡದೆ.

“ಅವ್ವಾ, ಅಂವಗ ಕೇಳು,” ಎಂದಿತು ಟಿವಿ. “ನಾವು ಶುಕ್ರವಾರ ಆಫೀಸು ಬಿಟ್ಟು ಐದು ತಾಸು ಡ್ರೈವ್ ಮಾಡ್ಕೊಂಡು ಬರಬೇಕು, ಇವರು ಮಾತ್ರ ಮನ್ಯಾಗ ಕೂತಿರ್ತಾರ. ಇದು ಯಾವ ನ್ಯಾಯ?”

“ಯಾಮಿನಿ, ಪಾರ್ಕ್ ಉತ್ತರಕ್ಕದ, ಮಾರಿಸ್‌ವಿಲ್ ದಕ್ಷಿಣಕ್ಕದ ಅಂತ ಹೇಳು ಅವಗ. ಮ್ಯಾಪ್ ನಾ ಮಾಡಿದ್ದಲ್ಲ.”

“ನಮ್ಮ ಕಡೆನೂ ಪಾರ್ಕ್ ಅವ ಅಂತ ಹೇಳವ್ವಾ. ಚಾರ್ಲಟ್‌ದಾಗ ಅದ, ಅಟ್ಲಾಂಟಾದಾಗ ಅದ. ಯಾವಾಗಲೂ ನಾವ ಅವರ ಮನಿ ಮುಂದ ಹಾಯಬೇಕೇನು?”

ವಿದ್ಯಾವತಿ ಇಬ್ಬರ ಕಡೆಗೂ ಗಮನ ಕೊಟ್ಟಿರಲಿಲ್ಲ. ಆಕೆಯ ಕಣ್ಣು ಫ್ರಿಜ್ಜಿನ ಪಕ್ಕದಲ್ಲಿ ತೂಗುಹಾಕಿದ ದೇವಸ್ಥಾನದ ಕ್ಯಾಲೆಂಡರಿನ ಮೇಲಿತ್ತು. ಇಲ್ಲಿಯ ಸೂರ್ಯೋದಯಕ್ಕೆ ಸರಿಹೊಂದಿಸಿ ತಿಥಿ ಹಾಕಿದ ಕ್ಯಾಲೆಂಡರದು. ಎದ್ದುಹೋಗಿ ಹಾಳೆ ತಿರುವಿ ನೋಡಿದಳು. ಆ ಶನಿವಾರ ಮಧ್ಯಾಹ್ನಕ್ಕೆ ವೈಶಾಖ ಬಹುಳ ತದಿಗೆ. ಶ್ರೀಪಾದರಾಯರು ಹೋದ ತಿಥಿ. ಅವತ್ತು ಅವರ ಶ್ರಾದ್ಧ.

ಹೋದ ವರ್ಷ, ಅದರ ಹಿಂದಿನ ವರ್ಷ ಆಕೆಯೇ ದಿನ ನೋಡಿ ಮೊದಲೇ ಹೇಳಿದ್ದಳು, ವೇಣು ತಿಥಿಯ ಲೆಕ್ಕ ಕೇಳದೆ ಆಚಾರ್ಯರನ್ನು ಕರೆಸಿ ಮಾಡಿದ್ದ. ಪ್ರತಾಪ ಬಂದಿರಲಿಲ್ಲ. ಈ ಸಲವೂ ಹೇಳೋಣವೆಂದು ಬಾಯಿ ತೆರೆದಳು.

“ವೇಣ್ಯಾ, ಆ ಶನಿವಾರ...”

“ಅವ್ವಾ, ಒಂದು ನಿಮಿಷ ಸುಮ್ಮನಿರು. ನಾವು ಪ್ಲ್ಯಾನ್ ಮಾಡ್ಲಿಕತ್ತೀವಿ, ನಡುವ ಬಾಯಿ ಹಾಕಬ್ಯಾಡ.”

ಟಿವಿಯ ಒಳಗಿನಿಂದ ಪ್ರತಾಪನೂ ಅದನ್ನೇ ಅಂದ. “ಹೌದವ್ವಾ, ತಡಿ ಸ್ವಲ್ಪ.” ಅಣ್ಣ ತಮ್ಮ ಮೂರು ವರ್ಷದಲ್ಲಿ ಒಪ್ಪಿಕೊಂಡ ಮಾತು ಇದೊಂದೇ!

ವಿದ್ಯಾವತಿ ಬಾಯಿ ಮುಚ್ಚಿದಳು. ಆತಪ್ಪಾ, ಹಾಕಂಗಿಲ್ಲ ಬಾಯಿ. ನಾನು ಯಾಕ ಹೇಳಬೇಕು? ಹೊತ್ತದ್ದು ಹೆತ್ತದ್ದು ನಾನು. ನಿಮ್ಮಪ್ಪನ ತಿಥಿ ನೆನಪಿಟ್ಟುಕೊಳ್ಳುವುದೂ ನಾನೇ? ನೋಡೋಣ, ಇಬ್ಬರಲ್ಲಿ ಯಾವ ಮಗನಿಗೆ ತಾನಾಗಿ ನೆನಪಾಗುತ್ತದೆ ನೋಡೋಣ. ಅಲ್ಲಿಯವರೆಗೆ ಒಂದು ಅಕ್ಷರ ಆಡಿದರೆ ನನ್ನ ಹೆಸರು ವಿದ್ಯಾವತಿಯಲ್ಲ. ಹೀಗೆ ಅಂದುಕೊಂಡವಳು ಅಡಿಗೆಮನೆಗೆ ಹೋಗಿ ಚಪಾತಿ ಹಿಟ್ಟನ್ನು ಗುದ್ದಿ ಗುದ್ದಿ ನಾದಿದಳು.

ಆ ಸಂಜೆ ಮೊಮ್ಮಗಳನ್ನು ಕೇಳಿದಳು, “ಮೆಮೋರಿಯಲ್ ಡೇ ಅಂದ್ರೇನ ಪುಟ್ಟಾ?”

“ವಾರ್‌ನಲ್ಲಿ ಡೆಡ್ ಆದ ಸೋಲ್ಜರ್ಸ್‌ನ ರಿಮೆಂಬರ್ ಮಾಡೋ ಡೇ, ಅಜ್ಜಿ. ವಿ ಗೆಟ್ ಎ ಲಾಂಗ್ ವೀಕೆಂಡ್.”

“ಚಲೋ ಆತು,” ಎಂದಳು ಅಜ್ಜಿ. “ಸತ್ತವರನ್ನ ನೆನಸ್ಲಿಕ್ಕೆ ಕೊಟ್ಟ ರಜಾದಾಗ ಜೋಕಾಲಿ ಆಡ್ಲಿಕ್ಕೆ ಹೋಗ್ತಾರ.” ಚೈತನ್ಯಾ ಆಗಲೇ ಇಯರ್‌ಬಡ್ ಹಾಕಿಕೊಂಡಾಗಿತ್ತು.

ಆಮೇಲಿನ ವಾರಗಳಲ್ಲಿ ಆ ಮನೆಯಲ್ಲಿ ಟೂರಿನ ಹೊರತು ಬೇರೆ ಮಾತಿಲ್ಲ. ಎಷ್ಟು ಕಾರು, ಯಾವ ಹೋಟೆಲು, ಯಾರ ಕೋಣೆ ಲಿಫ್ಟಿನ ಹತ್ತಿರ, ಅವಲಕ್ಕಿ ಯಾರು ತರುವುದು, ಪುಳಿಯೋಗರೆ ಯಾರು ಕಲಸುವುದು. ವೇದಾ ವಾಟ್ಸಾಪಿನಲ್ಲಿ ಒಂದು ಸಲಹೆ ಕಳಿಸಿದರೆ ಯಾಮಿನಿ ‘ಅದಾಗಲ್ಲ’ ಎಂದು ಉತ್ತರಿಸುತ್ತಿದ್ದಳು, ಯಾಮಿನಿ ಒಂದು ಕಳಿಸಿದರೆ ವೇದಾ ಹೆಬ್ಬೆರಳಿನ ಚಿತ್ರ ಒತ್ತಿ ಗಂಡನ ಮುಂದೆ ಹಲ್ಲು ಕಡಿಯುತ್ತಿದ್ದಳು. ವಿದ್ಯಾವತಿ ಎಲ್ಲ ಕೇಳಿಸಿಕೊಂಡು ಕಾದಳು. ವೇಣು ಕ್ಯಾಲೆಂಡರಿನ ಮುಂದೆ ಹಾದುಹೋದಾಗಲೆಲ್ಲ ಅವನ ಮುಖ ನೋಡುವಳು. ಅವನು ಫ್ರಿಜ್ಜು ತೆರೆದು ಮೊಸರು ತೆಗೆದುಕೊಂಡು ಹೋಗುವನು. ಥೂ!

ಒಂದು ದಿನ ಅವನು ಫೋನಿನಲ್ಲಿ ಆಫೀಸಿನವರಿಗೆ ಮಂಗಳವಾರವೂ ರಜೆ ಬೇಕೆಂದು ಹೇಳುವುದು ಕಿವಿಗೆ ಬಿತ್ತು. ಪ್ರತಾಪನೂ ಮಂಗಳವಾರ ರಜೆ ಹಾಕಿದ್ದಾನೆಂದು ವೇದಾ ಹೇಳಿದಳು. ಮೂರು ದಿನ ಜೋಕಾಲಿ ಆಡಿ ದಣಿದ ರಾಜಕುಮಾರರಿಗೆ ನಾಲ್ಕನೆಯ ದಿನ ಮಲಗಲು ರಜೆ! ಅಪ್ಪನಿಗೆ ಮಾತ್ರ ಒಂದು ಮಧ್ಯಾಹ್ನವಿಲ್ಲ.

ಹಿಂದಿನ ಬೀದಿಯಲ್ಲಿ ವರಲಕ್ಷ್ಮಿ ಎಂಬ ಗೆಳತಿಯಿದ್ದಳು, ಮೈಸೂರಿನ ಕಡೆಯವಳು, ಮಗಳ ಮನೆಯಲ್ಲಿ ಇರುವವಳು. ಇಬ್ಬರೂ ಬೆಳಿಗ್ಗೆ ಬಡಾವಣೆಯ ಕೊಳದ ಸುತ್ತ ನಡೆಯುತ್ತಿದ್ದರು. ಆಕೆಯ ಮುಂದೆ ಮಾತ್ರ ವಿದ್ಯಾವತಿ ಬಾಯಿಬಿಟ್ಟಳು.

“ಹೇಳಿಬಿಡಿ ವಿದ್ಯಾವತಿ. ಮಕ್ಕಳ ಹತ್ರ ಏನು ಛಲ?” ಎಂದಳು ವರಲಕ್ಷ್ಮಿ.

“ನಾ ಹೇಳಂಗಿಲ್ಲ.”

“ನಿಮ್ಮ ಜಗಳ ಮಕ್ಕಳ ಮೇಲೆ ತಾನೆ? ಹಸ್ಕೊಂಡು ಬಂದು ಬಾಗಿಲಲ್ಲಿ ನಿಲ್ಲೋರು ನಿಮ್ಮ ಯಜಮಾನ್ರು.”

ಆ ಮಾತು ಎದೆಗೆ ನಾಟಿತು. ಗಾರ್ಡಿನ ಡ್ಯೂಟಿ ಮುಗಿಸಿ ಹೊತ್ತಲ್ಲದ ಹೊತ್ತಿನಲ್ಲಿ ಬಂದು, ಹಸಿವಾಗಿದೆ ಎಂದು ಬಾಯಿಬಿಟ್ಟು ಹೇಳದೆ, ಹೊಸ್ತಿಲ ಹತ್ತಿರ ಬೂಟು ಕಳಚುತ್ತ ಕೂರುತ್ತಿದ್ದ ಮನುಷ್ಯ ಅವನು. ಈಗಲೂ ಕೇಳುವುದಿಲ್ಲ, ಗೊತ್ತಿತ್ತು ಆಕೆಗೆ. ಆದರೂ, “ನನ್ನ ಮನಿ ವಿಷಯ ನಾ ನೋಡ್ಕೋತೀನಿ, ನೀವು ಮುಂದ ನಡೀರಿ,” ಎಂದು ಗೆಳತಿಯ ಮೇಲೇ ಹರಿಹಾಯ್ದಳು. ಮಾರನೆಯ ದಿನ ವರಲಕ್ಷ್ಮಿ ವಾಕಿಂಗಿಗೆ ಬರಲಿಲ್ಲ.

ಮೇ ತಿಂಗಳ ನಡುವೆ ಯಾಮಿನಿಗೆ ಒಂದು ಸಂಗತಿ ಗೊತ್ತಾಯಿತು. ಆಮಿಶರು ಭಾನುವಾರ ವ್ಯಾಪಾರ ಮಾಡುವುದಿಲ್ಲ. ಗಾಡಿ ಸವಾರಿಯಿಲ್ಲ, ಹೊಲದಂಚಿನ ಅಂಗಡಿಗಳಿಲ್ಲ, ಅವರ ತೋಟದಲ್ಲಿ ಊಟವಿಲ್ಲ. ಅವತ್ತು ಅವರಿಗೆ ದೇವರ ದಿನ. ಮತ್ತೆ ಎರಡೂ ಮನೆಯವರು ಟಿವಿಯ ಮುಂದೆ ಕೂತರು.

“ಅಷ್ಟೂ ಗೊತ್ತಿಲ್ಲದ ಪ್ಲ್ಯಾನ್ ಮಾಡಿದ್ರೇನಂತ ಕೇಳವ್ವಾ,” ಎಂದ ಪ್ರತಾಪ, ಸಿಕ್ಕಿದ್ದೇ ಸಾಕೆಂದು.

“ಲಾಂಗ್ ವೀಕೆಂಡಿನ್ಯಾಗ ಅಷ್ಟು ಮಂದಿ ಬರ್ತಾರ, ಒಂದು ಸಂಡೆ ತಗದ್ರ ಏನು ಗಂಟು ಹೋಗ್ತದ ಅವರದು?” ಎಂದು ವಿದ್ಯಾವತಿ ಬೇಕೆಂದೇ ಕೆಣಕಿದಳು.

ವೇಣು ತಾಯಿಗೆ ಬುದ್ಧಿ ಹೇಳುವ ದನಿಯಲ್ಲಿ, “ಹಂಗ ಅನಬಾರದವ್ವಾ. ಅವರು ಎಷ್ಟು ಲಾಸ್ ಆದ್ರೂ ದೇವರ ದಿನ ಬಿಡಂಗಿಲ್ಲ. ಗ್ರೇಟ್ ಮಂದಿ. ಅವರ ಆಚಾರ ನಾವು ರೆಸ್ಪೆಕ್ಟ್ ಮಾಡಬೇಕು,” ಎಂದ. ಪ್ರತಾಪನೂ ಪರದೆಯ ಮೇಲೆ ತಲೆಯಾಡಿಸಿದ. ಪಾರ್ಕಿನ ಟಿಕೆಟ್ಟು ಭಾನುವಾರಕ್ಕೆ ಬದಲಾಯಿತು. ಹೋಟೆಲು ಬದಲಾಯಿತು. ಆಮಿಶ್ ಊರು ಶನಿವಾರಕ್ಕೆ ಬಂತು. ಊಟಕ್ಕೆ ಮಧ್ಯಾಹ್ನವೇ ಜಾಗ ಹಿಡಿದಾಯಿತು, ವೆಜಿಟೇರಿಯನ್ ಎಂದು ಒತ್ತಿ ಹೇಳಿಯೂ ಆಯಿತು.

ಯಾವನೋ ಕುದುರೆಗಾಡಿಯವನ ಭಾನುವಾರಕ್ಕಾಗಿ ಎರಡು ಮನೆಯ ಟೂರೇ ತಿರುಗಿಬಿತ್ತು. ಹಡೆದ ಅಪ್ಪನ ಶನಿವಾರ ಒಬ್ಬನ ತಲೆಗೂ ಬರಲಿಲ್ಲ. ವಿದ್ಯಾವತಿ ಕೂತಲ್ಲಿಂದ ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಗೋಡೆಯ ಮೇಲಿನ ಫೋಟೊದ ಮುಂದೆ ನಿಂತು, “ನೋಡ್ರಿ ನಿಮ್ಮ ಮಕ್ಕಳನ್ನ,” ಎಂದಳು. ಕಣ್ಣಲ್ಲಿ ನೀರು ಬಂದದ್ದಕ್ಕೂ ಸಿಟ್ಟು ಬಂತು.

ಶುಕ್ರವಾರ ಸಂಜೆ ಪ್ರತಾಪನ ಕಾರು ಬಂತು. ಚಿಕ್ಕ ಮೊಮ್ಮಕ್ಕಳು ಓಡಿಬಂದು ಅಜ್ಜಿಯ ಕಾಲು ತಬ್ಬಿದಾಗ ವಿದ್ಯಾವತಿಯ ಮನಸ್ಸು ಕರಗಿತು. ಸಾಕು ಈ ಛಲ, ಹೇಳಿಬಿಡುತ್ತೇನೆ, ನಾಳೆ ಮಧ್ಯಾಹ್ನದವರೆಗೆ ಇಲ್ಲೇ ನಿಂತು ಮುಗಿಸಿಕೊಂಡು ಹೊರಡಲಿ, ತದಿಗೆಗೆ ಮೊದಲ ಸಲ ಇಬ್ಬರೂ ಒಂದೇ ಸೂರಿನ ಕೆಳಗೆ ಇದ್ದಾರೆ, ಇಬ್ಬರ ಕೈಯ ನೀರೂ ಒಟ್ಟಿಗೆ ಬಿದ್ದೀತು ಎಂದು ಲೆಕ್ಕ ಹಾಕಿದಳು. ತಾಟು ಹಾಕುತ್ತ ಮಾತು ಹೊಂದಿಸಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಹೊರಗೆ ಜಗಳ ಹತ್ತಿತು.

“ಯಾಮಿನಿ, ಗ್ಯಾರೇಜಿಗೆ ಅಡ್ಡ ಕಾರು ಹಚ್ಚಬ್ಯಾಡ ಅಂತ ಹೇಳು ಅವಗ.”

“ಅವ್ವಾ, ಇದು ಅವರ ಒಬ್ಬರ ಮನಿ ಅಂತ ಗೊತ್ತದ ಅಂತ ಹೇಳು. ಬೇಕಾದ್ರ ನಾವು ಹೋಟೆಲ್ಲಿಗೆ ಹೋಗ್ತೀವಿ. ನಾಳೆ ಅವ್ವ ನಮ್ಮ ಕಾರಿನ್ಯಾಗ ಬರ್ತಾಳ.”

“ಅವ್ವ ನಮ್ಮ ಕಾರಿನ್ಯಾಗ ಬರ್ತಾಳಂತ ಹೇಳು.”

“ವರ್ಷಪೂರ್ತಿ ಅವರ ಹಂತ್ಯಾಕನ ಇರ್ತಾಳಲ್ಲ, ಎರಡು ತಾಸಿಗೂ ಬಿಡಂಗಿಲ್ಲೇನಂತ ಕೇಳು!”

ಅಂಗಳದ ಆಚೆ ನಾಯಿ ಹಿಡಿದು ಹೊರಟಿದ್ದ ನೆರೆಯವರು ನಿಂತು ನೋಡಿದರು. ವಿದ್ಯಾವತಿ ಕೈಯಲ್ಲಿದ್ದ ತಾಟನ್ನು ಟೇಬಲಿನ ಮೇಲೆ ಕುಕ್ಕಿದಳು. ಇಂಥವರ ಬಾಯಿಂದ ಅಪ್ಪನ ಹೆಸರು ಬೇಡಿ ಹೇಳಿಸಬೇಕೇ? ಬೇಡ. ಹಾಳಾಗಿ ಹೋಗಲಿ.

ಶನಿವಾರ ಎದ್ದವಳೇ ತಲೆಮೇಲೆ ನೀರು ಹಾಕಿಕೊಂಡಳು. ಕಾಫಿ ಮುಟ್ಟಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದಳು. ಕೊನೆಗೆ ವೇಣುವಿನ ಕಾರಿನಲ್ಲಿ ಹೋಗುವಾಗ, ಪ್ರತಾಪನ ಕಾರಿನಲ್ಲಿ ಬರುವಾಗ ಎಂದು ಸೊಸೆಯರಿಬ್ಬರೂ ಆಕೆಯನ್ನು ಹಂಚಿಕೊಂಡರು. ದಾರಿಯುದ್ದಕ್ಕೂ ಆಕೆ ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಮುಂದೆ ಹೊಲಗಳು ಬಂದವು, ಬೆಳ್ಳನೆಯ ಮನೆಗಳು, ಹಗ್ಗದ ಮೇಲೆ ಸಾಲಾಗಿ ಒಣಗಲು ಹಾಕಿದ ಕಪ್ಪು ಅಂಗಿಗಳು, ನೇಗಿಲಿಗೆ ಕಟ್ಟಿದ ಹೇಸರಗತ್ತೆಗಳು. ಕರಿಯ ಟೋಪಿಯ ಮುದುಕನೊಬ್ಬ ಗಾಡಿ ಹೊಡೆದುಕೊಂಡು ರಸ್ತೆಯ ಅಂಚಿನಲ್ಲಿ ಹೋಗುತ್ತಿದ್ದ. ಚೈತನ್ಯಾ ಫೋನು ಎತ್ತಿದಳು. “ಫೋಟೊ ತೆಗೀಬಾರದು, ಅವರಿಗೆ ಬೇಜಾರಾಗುತ್ತೆ,” ಎಂದು ಯಾಮಿನಿ ಗದರಿದಳು.

ಮಧ್ಯಾಹ್ನ ಊಟದ ಮನೆಯಲ್ಲಿ ಉದ್ದನೆಯ ಮೇಜಿಗೆ ಎಲ್ಲರೂ ಕೂತರು. ಒಂದು ತುದಿಗೆ ವೇಣು, ಇನ್ನೊಂದು ತುದಿಗೆ ಪ್ರತಾಪ, ನಡುವೆ ಹೆಂಗಸರು ಮಕ್ಕಳು. ಬಿಳಿ ಕುಲಾವಿಯ ಹುಡುಗಿಯೊಬ್ಬಳು ಬೆಣ್ಣೆ ಹಾಕಿದ ಆಲೂಗಡ್ಡೆ, ಮೆಕ್ಕೆಜೋಳ, ಬಿಸಿ ಬ್ರೆಡ್ಡು ತಂದಿಟ್ಟಳು. ವಿದ್ಯಾವತಿ ತನ್ನ ತಟ್ಟೆಯನ್ನು ಬೋರಲು ಹಾಕಿದಳು.

“ಅತ್ತೆ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀವು. ಎಲ್ಲಾ ವೆಜ್ಜೇ, ನಾನೇ ಕೇಳಿದೀನಿ. ಯಾಕೆ, ಹುಷಾರಿಲ್ವಾ?” ಎಂದಳು ಯಾಮಿನಿ. ಆ ದನಿಯಲ್ಲಿ ನಿಜವಾದ ಕಾಳಜಿಯಿತ್ತು. ಬೈಗುಳವಾಗಿದ್ದರೆ ವಿದ್ಯಾವತಿ ತಡೆದುಕೊಳ್ಳುತ್ತಿದ್ದಳು.

“ಇವತ್ತು ತದಿಗಿ,” ಎಂದಳು. “ನಿಮ್ಮ ಮಾವನವರ ಶ್ರಾದ್ಧ ಇವತ್ತು.”

ಮೇಜಿನ ಎರಡೂ ತುದಿಯಲ್ಲಿ ಚಮಚಗಳು ನಿಂತವು.

“ಇಲ್ಲವ್ವಾ,” ಎಂದ ವೇಣು. “ಅಪ್ಪ ಹೋಗಿದ್ದು ಮೇ ಇಪ್ಪತ್ತೆಂಟು, ಈ ವರ್ಷ ಅದು ಬರೂದು ಮಂಗಳವಾರ. ನೀ ಈ ಸಲ ಏನೂ ಅನ್ನಲಿಲ್ಲ, ತಾರೀಖು ನೋಡಿ ನಾನ ಆಚಾರ್ರಿಗೆ ಹೇಳೀನಿ, ರಜಾನೂ ಹಾಕೀನಿ. ಫೋನಿನ್ಯಾಗ ರಿಮೈಂಡರ್ ಅದ ನೋಡು.”

“ನಾನೂ ಮಂಗಳವಾರನ ಹೇಳೀನಿ,” ಎಂದ ಪ್ರತಾಪ. “ಮಾರಿಸ್‌ವಿಲ್ ಗುಡಿಯೊಳಗ.”

ಮರೆತಿರಲಿಲ್ಲ. ಇಬ್ಬರೂ ಮರೆತಿರಲಿಲ್ಲ. ಅಪ್ಪನ ಸಾವನ್ನು ಹುಟ್ಟುಹಬ್ಬದ ಹಾಗೆ ಇಂಗ್ಲಿಷ್ ತಾರೀಖಿಗೆ ಕಟ್ಟಿ ಫೋನಿಗೆ ಹಾಕಿಟ್ಟುಕೊಂಡಿದ್ದರು, ಮಂಕುಗಳು! ಒಬ್ಬನಾದರೂ ತಾಯಿಯನ್ನು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಇಬ್ಬರ ರಜೆಯೂ ಅಪ್ಪನಿಗೆ ಹಾಕಿದ್ದು, ವಿದ್ಯಾವತಿ ಮಾತ್ರ ಅದು ಮಲಗಲಿಕ್ಕೆ ಎಂದು ಮನಸ್ಸಿನಲ್ಲೇ ಬೈದಿದ್ದಳು.

ಸಮಾಧಾನಪಡಲು ಆಕೆಗೆ ಸಮಯ ಸಿಗಲಿಲ್ಲ. ವೇಣು ಎದ್ದು ನಿಂತ. ಮೂರು ವರ್ಷದಲ್ಲಿ ಮೊದಲ ಬಾರಿಗೆ ತಮ್ಮನ ಮುಖ ನೋಡಿ ಮಾತಾಡಿದ. “ನೀ ಯಾಕ ಬ್ಯಾರೆ ಹೇಳಿದಿ? ಹಿರೇ ಮಗ ನಾ ಇದ್ದೀನಿ. ಶ್ರಾದ್ಧ ನಾ ಮಾಡಬೇಕು.”

“ಹಿರೇ ಮಗ! ಕೊಳ್ಳಿ ಇಡೂ ಹೊತ್ತಿನ್ಯಾಗ ಎಲ್ಲಿದ್ದ ಹಿರೇ ಮಗ?” ಪ್ರತಾಪನೂ ಎದ್ದ. “ಬ್ಯಾರೆ ಮನಿ ಇದ್ರ ಬ್ಯಾರೆ ಮಾಡಬಹುದು ಅಂದಾರ ಆಚಾರ್ರು. ನಿನ್ನ ಮನಿ ಬಾಗಲಾ ನಾ ಕಾಯಂಗಿಲ್ಲ.”

“ನೌಕರಿ ಹೋಗ್ತದಂತ ಅಡಗಿ ಕೂತಾಂವ ನನಗ ಕೇಳ್ತೀಯೇನು?”

“ಪಾಸ್‌ಪೋರ್ಟ್ ಇಟ್ಕೊಂಡು ಕೂತಾಂವ ನೀನು!”

ಅಕ್ಕಪಕ್ಕದ ಮೇಜಿನವರು ತಿರುಗಿ ನೋಡಿದರು. ಚಿಕ್ಕ ಮಗು ಅಳಲು ಶುರುಮಾಡಿತು. ಕುಲಾವಿಯ ಹುಡುಗಿ ನೀರಿನ ಹೂಜಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಳು.

“ಹುಬ್ಬಳ್ಳಿ ಮನಿ ಇನ್ನೂ ಪಾಲಾಗಿಲ್ಲ,” ಎಂದಳು ವಿದ್ಯಾವತಿ. ಎಕ್ಸ್‌ಚೇಂಜಿನ ದನಿ ಅದು. ಇಡೀ ಕೋಣೆಗೆ ಕೇಳಿಸಿತು. “ಅದಕ್ಕಿಂತ ಮೊದಲ ಅಪ್ಪನ್ನ ಪಾಲು ಮಾಡ್ಕೊಂಡ್ರಿ. ಕೂಡ್ರಿ ಇಬ್ರೂ.”

ವೇಣು ಕೂತ. ಪ್ರತಾಪ ಕೂರಲಿಲ್ಲ. ಅವನ ಕಣ್ಣು ಕೆಂಪಾಗಿತ್ತು. “ನಿನಗ ಗೊತ್ತಿತ್ತಲ್ಲವ್ವಾ,” ಎಂದ. “ಶನಿವಾರ ಅಂತ ಏಪ್ರಿಲ್‌ದಾಗನ ಗೊತ್ತಿತ್ತು. ಇಷ್ಟು ದಿನ ಯಾಕ ಹೇಳಲಿಲ್ಲ?”

ನಡುವ ಬಾಯಿ ಹಾಕಬ್ಯಾಡ ಅಂದ್ರಲ್ಲ ಎನ್ನಬಹುದಿತ್ತು. ಅದು ನಾಲಿಗೆಯ ತುದಿಯವರೆಗೆ ಬಂತು ಕೂಡ. ಆದರೆ ಅದು ಪೂರ್ತಿ ನಿಜವಲ್ಲ ಎಂದು ಆಕೆಗೆ ಗೊತ್ತಿತ್ತು. ದಿನಾ ಬೆಳಿಗ್ಗೆ ಕ್ಯಾಲೆಂಡರಿನ ಮುಂದೆ ನಿಂತು, ಇವತ್ತೂ ನೆನಪಾಗಲಿಲ್ಲ ಎಂದು ಎಣಿಸುವಾಗ ಆಕೆಗೆ ಒಳಗೊಳಗೇ ಹಿತವಾಗುತ್ತಿತ್ತು. ಗಂಡ ಹಸಿದಿರುತ್ತಾನೆಂಬುದು ಆಗ ನೆನಪಾಗುತ್ತಿರಲಿಲ್ಲ.

“ನೀವು ಮರೀಲಿ ಅಂತ ಕಾದು ಕೂತಿದ್ದೆ,” ಎಂದಳು.

ಪ್ರತಾಪ ಕುರ್ಚಿ ಹಿಂದೆ ತಳ್ಳಿ ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ವೇಣುವೂ ಎದ್ದ. ಯಾಮಿನಿ ಅತ್ತೆಯ ಮುಖ ನೋಡಲಿಲ್ಲ, ಅಳುವ ಮಗುವನ್ನು ಎತ್ತಿಕೊಂಡಳು. ಉಳಿದವರ ತಟ್ಟೆಗಳಲ್ಲಿ ಆಲೂಗಡ್ಡೆ ಆರುತ್ತಿತ್ತು. ಇಷ್ಟು ವರ್ಷ ಬಂದವರಿಗೆ ಹೋದವರಿಗೆಲ್ಲ ಸಿಟ್ಟು ಹಂಚಿದ ಹೆಂಗಸಿಗೆ ಆ ಹೊತ್ತು ತನ್ನ ಮೇಲೆ ಬಂದಷ್ಟು ಸಿಟ್ಟು ಯಾರ ಮೇಲೂ ಬಂದಿರಲಿಲ್ಲ.

ಕಿಟಕಿಯಾಚೆ ಪಾರ್ಕಿಂಗ್ ಕಾಣುತ್ತಿತ್ತು. ಒಂದು ತುದಿಯಲ್ಲಿ ತನ್ನ ಕಾರಿಗೆ ಒರಗಿ ವೇಣು ಫೋನು ಕಿವಿಗೆ ಹಿಡಿದಿದ್ದ. ಇನ್ನೊಂದು ತುದಿಯಲ್ಲಿ ತನ್ನ ಕಾರಿನ ಬಾಗಿಲು ತೆರೆದು ನಿಂತು ಪ್ರತಾಪನೂ ಫೋನು ಕಿವಿಗೆ ಹಿಡಿದಿದ್ದ. ವಿದ್ಯಾವತಿ ಸೆರಗು ಬಿಗಿದು ಹೊರಗೆ ಹೋದಳು. ಬಿಸಿಲು ನೆತ್ತಿಯಿಂದ ಇನ್ನೂ ಪೂರ್ತಿ ಜಾರಿರಲಿಲ್ಲ.

“...ಹೌದು ಆಚಾರ್ರೆ, ಇವತ್ತ ಅಂತ ಈಗ ಗೊತ್ತಾತು. ಫೋನಿನ್ಯಾಗ ಮಂತ್ರ ಹೇಳಿಕೊಟ್ರ ನೀರು ಬಿಡಬಹುದೇನ್ರಿ?” ಎನ್ನುತ್ತಿದ್ದ ವೇಣು. ಕೊರೊನಾ ಕಾಲದಿಂದ ಹಾಗೆ ಹೇಳಿಕೊಡುವುದು ಆಚಾರ್ಯರಿಗೂ ರೂಢಿಯಾಗಿತ್ತು. ಆ ತುದಿಯಿಂದ ಪ್ರತಾಪನ ದನಿ ಕೇಳಿಸಿತು. ಅವನೂ ತನ್ನ ಊರಿನ ಆಚಾರ್ಯರಿಗೆ ಅದನ್ನೇ, ಹೆಚ್ಚು ಕಡಿಮೆ ಅದೇ ಮಾತಿನಲ್ಲಿ ಕೇಳುತ್ತಿದ್ದ. ಒಬ್ಬನ ಕೈಯಲ್ಲೊಂದು ನೀರಿನ ಬಾಟಲಿ. ಇನ್ನೊಬ್ಬನ ಕೈಯಲ್ಲೊಂದು.

ವಿದ್ಯಾವತಿ ಎರಡು ಕಾರುಗಳ ನಡುವೆ ಬಂದು ನಿಂತಳು. ಬೈಯಬೇಕೆಂದೇ ಬಂದಿದ್ದಳು, ದನಿ ಮಾತ್ರ ಒಡೆದು ಬಂತು.

“ಇಬ್ಬಿಬ್ಬರು ಆಚಾರ್ರು ಯಾಕೋ?” ಎಂದಳು. “ಸತ್ತಾಂವ ಒಬ್ಬನ.”

ಪ್ರತಾಪ ‘ಬ್ಯಾಡ್ರಿ ಆಚಾರ್ರೆ, ಇಡ್ತೀನಿ’ ಎಂದು ಫೋನು ಇಟ್ಟ. ಬಾಟಲಿ ಹಿಡಿದುಕೊಂಡು ಈ ಕಡೆ ನಡೆದು ಬಂದ. ವೇಣು ಅವನ ಮುಖ ನೋಡದೆಯೇ ಫೋನಿನ ಸ್ಪೀಕರ್ ಒತ್ತಿ ಕಾರಿನ ಬಾನೆಟ್ಟಿನ ಮೇಲೆ, ಇಬ್ಬರಿಗೂ ಕೇಳಿಸುವಂತೆ ಇಟ್ಟ.